ಹಳೆಯ ಇಂಗ್ಲಿಷ್ ಕಾದಂಬರಿಗಳ ಹುಡುಗಿಯರಿಗೆ ಮದುವೆಯದ್ದೇ ಚಿಂತೆ ಏಕೆ?

2025ರ ಡಿಸೆಂಬರ್ 16ಕ್ಕೆ ಜೇನ್ ಆಸ್ಟೆನ್ ಹುಟ್ಟಿ 250 ವರ್ಷ ತುಂಬಿತು. ಆ ನೆಪದಲ್ಲಿ ಅವರ ಕಾದಂಬರಿಗಳನ್ನೂ ಅವುಗಳ ಸಿನಿಮಾಗಳನ್ನೂ ಹೊಸದಾಗಿ ಕೈಗೆತ್ತಿಕೊಂಡವರು ಬಹಳ ಮಂದಿ. ಡಿಗ್ರಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಆಸ್ಟೆನ್, ಬ್ರಾಂಟಿ ಸೋದರಿಯರು, ಡಿಕನ್ಸ್, ಹಾರ್ಡಿ ಹೇಗೂ ಎದುರಾಗುತ್ತಾರೆ. ಓದುತ್ತಾ ಹೋದಂತೆ ಒಂದು ಪ್ರಶ್ನೆ ಏಳುವುದು ಸಹಜ. ಇಷ್ಟು ಬುದ್ಧಿವಂತ, ಇಷ್ಟು ಚುರುಕು ಮಾತಿನ ಹುಡುಗಿಯರು ಮೂರು ಹೊತ್ತೂ ಮದುವೆಯ ಸುತ್ತಲೇ ಸುತ್ತುತ್ತಾರಲ್ಲ, ಇವರಿಗೆ ಬೇರೆ ದಾರಿ ಇರಲಿಲ್ಲವೇ?

ಹೆಚ್ಚು ಕಡಿಮೆ ಇರಲಿಲ್ಲ. ಅದಕ್ಕೆ ಕಾರಣ ಅವರ ಸ್ವಭಾವದಲ್ಲಿಲ್ಲ, ಅಂದಿನ ಆಸ್ತಿ ಕಾನೂನಿನಲ್ಲಿದೆ. ಈ ಕಾನೂನನ್ನು ಕಾದಂಬರಿಕಾರರು ಬಿಡಿಸಿ ಹೇಳುವುದಿಲ್ಲ. ಅವರ ಕಾಲದ ಓದುಗರಿಗೆ ಅದು ಮನೆಮಾತಾಗಿತ್ತು. ನಮಗೆ ಹಾಗಲ್ಲ. ಅದನ್ನು ತಿಳಿದುಕೊಂಡು ಓದಿದರೆ ಪ್ರೇಮಕಥೆ ಅಂದುಕೊಂಡಿದ್ದ ಎಷ್ಟೋ ಪುಟಗಳು ಬದುಕಿ ಉಳಿಯುವ ಲೆಕ್ಕಾಚಾರವಾಗಿ ಕಾಣತೊಡಗುತ್ತವೆ.

## ಮದುವೆಯಾದ ಹೆಂಗಸು ಕಾನೂನಿನ ಕಣ್ಣಿಗೆ ಬೀಳುತ್ತಿರಲಿಲ್ಲ

ಮೊದಲಿಗೆ 'ಕವರ್ಚರ್' ಎಂಬ ಹಳೆಯ ಇಂಗ್ಲಿಷ್ ಕಾನೂನು ತತ್ವವನ್ನು ನೋಡೋಣ. ಇದರ ಪ್ರಕಾರ ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿ ಒಬ್ಬ ವ್ಯಕ್ತಿ. ಆ ಒಬ್ಬ ವ್ಯಕ್ತಿ ಗಂಡ. ವಿಲಿಯಂ ಬ್ಲಾಕ್‌ಸ್ಟೋನ್ ಎಂಬ ನ್ಯಾಯಶಾಸ್ತ್ರಜ್ಞರು 1765ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮದುವೆ ಇರುವಷ್ಟು ದಿನ ಹೆಂಡತಿಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವವೇ ಇಲ್ಲ ಎಂಬುದು ಅದರ ಸಾರ.

ದಿನನಿತ್ಯದ ಬದುಕಿನಲ್ಲಿ ಇದು ಹೀಗೆ ನಡೆಯುತ್ತಿತ್ತು. ಹೆಣ್ಣು ತವರಿನಿಂದ ತಂದ ನಗದು, ಸಾಮಾನು, ಉಳಿತಾಯ ಎಲ್ಲವೂ ಗಂಡನದಾಗುತ್ತಿತ್ತು. ಅವಳ ಹೆಸರಿನಲ್ಲಿ ಜಮೀನಿದ್ದರೆ ಅವಳನ್ನು ಕೇಳದೆ ಮಾರುವಂತಿರಲಿಲ್ಲ, ಆದರೆ ಗೇಣಿ ಹಣ ಅವನ ಕೈಗೇ ಹೋಗುತ್ತಿತ್ತು. ಅವಳು ದುಡಿದರೆ ಕೂಲಿಯೂ ಅವನದೇ. ತಾನೇ ಕರಾರಿಗೆ ಸಹಿ ಹಾಕುವಂತಿಲ್ಲ. ತನ್ನ ಹೆಸರಿನಲ್ಲಿ ಕೋರ್ಟಿಗೆ ಹೋಗುವಂತಿಲ್ಲ. ಅವನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿಲ್ಲ. ಮಕ್ಕಳ ಮೇಲಿನ ಹಕ್ಕೂ ತಂದೆಯದೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಕಟ್ಟು ಮದುವೆಯಾದವರಿಗೆ ಮಾತ್ರ. ವಯಸ್ಸಿಗೆ ಬಂದ ಅವಿವಾಹಿತೆಯೂ ವಿಧವೆಯೂ ತಮ್ಮ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳಬಹುದಿತ್ತು. ಆಸ್ಟೆನ್ ಅವರ 'ಎಮ್ಮಾ' ಕಾದಂಬರಿಯ ನಾಯಕಿ ತನಗೆ ಮದುವೆಯೇ ಬೇಡ ಎಂದು ಧೈರ್ಯವಾಗಿ ಹೇಳುವುದು ಈ ಕಾರಣಕ್ಕೇ. ಅವಳ ಹೆಸರಿನಲ್ಲಿ 30,000 ಪೌಂಡ್ ಇದೆ. ಅದೇ ಊರಿನಲ್ಲಿ ಮಿಸ್ ಬೇಟ್ಸ್ ಎಂಬ ಇನ್ನೊಬ್ಬ ಅವಿವಾಹಿತೆ ಇದ್ದಾಳೆ. ವಯಸ್ಸಾದ ತಾಯಿಯ ಜೊತೆ ಸಣ್ಣ ಆದಾಯದಲ್ಲಿ, ನೆರೆಹೊರೆಯವರು ಕಳಿಸಿದ್ದನ್ನು ನಂಬಿ ಬದುಕುವವಳು. ಎಮ್ಮಾ ತನ್ನ ಗೆಳತಿಗೆ ಬಿಡಿಸಿ ಹೇಳುತ್ತಾಳೆ: ಮದುವೆಯಾಗದ ಬಡವಿಯನ್ನು ಜನ ನೋಡಿ ನಗುತ್ತಾರೆ, ಮದುವೆಯಾಗದ ಸಿರಿವಂತೆಗೆ ಎಲ್ಲೆಡೆ ಮರ್ಯಾದೆ. ಅದು ಹುಡುಗಿಯ ಜಂಬದ ಮಾತು ಹೌದು. ಆದರೆ ಲೆಕ್ಕ ಸರಿಯಾಗಿದೆ.

ದೊಡ್ಡ ಮನೆತನದವರು ತಮ್ಮ ಹೆಣ್ಣುಮಕ್ಕಳ ರಕ್ಷಣೆಗೆ ಒಂದು ಉಪಾಯ ಕಂಡುಕೊಂಡಿದ್ದರು. ಮದುವೆಗೆ ಮುಂಚೆ ವಕೀಲರನ್ನು ಕೂರಿಸಿ 'ಸೆಟಲ್‌ಮೆಂಟ್' ಎಂಬ ಕರಾರು ಮಾಡಿಸುತ್ತಿದ್ದರು. ಹೆಣ್ಣಿನ ಹಣವನ್ನು ಬೇರೆಯವರ ಉಸ್ತುವಾರಿಯ ಟ್ರಸ್ಟಿನಲ್ಲಿಟ್ಟು, ಅದರ ಆದಾಯ ಅವಳಿಗೆ ಸಿಗುವಂತೆ ಮಾಡುವ ಪತ್ರ ಅದು. ಇದಕ್ಕೆ ವಕೀಲರ ಫೀಸೂ ಬೇಕು, ಹುಡುಗಿಯ ಪರ ಗಟ್ಟಿಯಾಗಿ ಮಾತಾಡುವ ಹಿರಿಯರೂ ಬೇಕು. ಎರಡೂ ಇದ್ದ ಮನೆಗಳು ಕಡಿಮೆ. ಈ ಸೆಟಲ್‌ಮೆಂಟ್ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಾದಂಬರಿಗಳಲ್ಲಿ ಇದೇ ಕಥೆಯ ಜುಟ್ಟು ಹಿಡಿಯುತ್ತದೆ.

## ಅಪ್ಪನ ಮನೆ ಮಗಳಿಗಿಲ್ಲ

'ಪ್ರೈಡ್ ಅಂಡ್ ಪ್ರೆಜುಡಿಸ್' 1813ರಲ್ಲಿ ಬಂತು. ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಮನೆಯ ಆದಾಯ ವರ್ಷಕ್ಕೆ 2,000 ಪೌಂಡ್. ಆ ಕಾಲಕ್ಕೆ ಅದು ಒಳ್ಳೆಯ ಆದಾಯವೇ. ಕೆಲಸದವರು, ಕುದುರೆಗಾಡಿ ಎಲ್ಲ ಇದ್ದ ಮನೆ. ಹಾಗಿದ್ದೂ ತಾಯಿ ಮಿಸೆಸ್ ಬೆನೆಟ್‌ಗೆ ಸದಾ ಗಾಬರಿ.

ಗಾಬರಿಗೆ ಕಾರಣ 'ಎಂಟೇಲ್' ಎಂಬ ಏರ್ಪಾಡು. ಜಮೀನು ಮತ್ತು ಮನೆ ಚೂರಾಗದೆ ಒಂದೇ ವಂಶದ ಗಂಡಸರಲ್ಲಿ ಉಳಿಯಲಿ ಎಂದು ಹಿಂದಿನವರು ಹಾಕಿದ ಕಟ್ಟುಪಾಡು ಇದು. ನಮ್ಮಲ್ಲಿ ದೇವಸ್ಥಾನದ ಉಂಬಳಿ ಜಮೀನು ಇರುತ್ತಿತ್ತಲ್ಲ, ಪೂಜೆ ಮಾಡುವವರು ಅದರ ಬೆಳೆ ಉಣ್ಣಬಹುದು, ಮಾರುವಂತಿಲ್ಲ, ಮನಸ್ಸಿಗೆ ಬಂದವರಿಗೆ ಬರೆದುಕೊಡುವಂತಿಲ್ಲ. ಬೆನೆಟ್ ಅವರ ಸ್ಥಿತಿಯೂ ಹೆಚ್ಚು ಕಡಿಮೆ ಅದೇ. ಬದುಕಿರುವಷ್ಟು ದಿನ ಆದಾಯ ಅವರದು. ಅವರು ಕಣ್ಣು ಮುಚ್ಚಿದರೆ ಆಸ್ತಿ ದೂರದ ಸಂಬಂಧಿ ಕಾಲಿನ್ಸ್ ಪಾಲು. ಹೆಂಡತಿ ಮಕ್ಕಳು ಮನೆ ಖಾಲಿ ಮಾಡಬೇಕು.

ಈ ಕಟ್ಟನ್ನು ಬಿಚ್ಚಲು ದಾರಿಯೇ ಇರಲಿಲ್ಲವೇ? ಒಂದಿತ್ತು. ಮಗ ಹುಟ್ಟಿ, ವಯಸ್ಸಿಗೆ ಬಂದು, ತಂದೆಯ ಜೊತೆ ಸೇರಿ ಎಂಟೇಲ್ ಮುರಿಯಬಹುದಿತ್ತು. ಬೆನೆಟ್ ದಂಪತಿ ಅದನ್ನೇ ನಂಬಿಕೊಂಡು ವರ್ಷಗಟ್ಟಲೆ ಒಂದು ಪೌಂಡೂ ಉಳಿಸಲಿಲ್ಲ ಎಂದು ಕಾದಂಬರಿ ಹೇಳುತ್ತದೆ. ಮಗ ಹುಟ್ಟಲೇ ಇಲ್ಲ.

ತಾಯಿಗೂ ಮಕ್ಕಳಿಗೂ ಎಂದು ಮದುವೆಯ ಕರಾರಿನಲ್ಲಿ ತೆಗೆದಿಟ್ಟದ್ದು 5,000 ಪೌಂಡ್. ನೂರಕ್ಕೆ 4ರ ಬಡ್ಡಿ ಹಿಡಿದರೆ ವರ್ಷಕ್ಕೆ 200 ಪೌಂಡ್ ಬರುತ್ತದೆ. ಅಪ್ಪ ಸತ್ತ ಮರುದಿನ 2,000 ಇದ್ದದ್ದು 200ಕ್ಕೆ ಇಳಿಯುತ್ತದೆ, ತಿನ್ನುವ ಬಾಯಿ ಆರು, ಮನೆ ಬಾಡಿಗೆ ಬೇರೆ. ಕಾಲಿನ್ಸ್ ಬೆನೆಟ್ ಮನೆಯ ಮಗಳು ಎಲಿಜಬೆತ್‌ಗೆ ಮದುವೆ ಪ್ರಸ್ತಾಪ ಮಾಡುವಾಗ ಈ ಲೆಕ್ಕವನ್ನು ಅವಳ ಮುಖಕ್ಕೇ ಹೇಳುತ್ತಾನೆ. ನಿನಗೆ ಸಿಗುವುದು 1,000 ಪೌಂಡ್, ಅದೂ ನಿನ್ನ ತಾಯಿ ಸತ್ತ ಮೇಲೆ, ನಾನು ಅದರ ಬಗ್ಗೆ ದೂರುವುದಿಲ್ಲ ಎಂದು ದೊಡ್ಡ ಮನಸ್ಸು ತೋರಿಸುತ್ತಾನೆ.

ಇದನ್ನು ತಿಳಿದ ಮೇಲೆ ಮಿಸೆಸ್ ಬೆನೆಟ್ ಬೇರೆಯಾಗಿ ಕಾಣುತ್ತಾಳೆ. ಸಿನಿಮಾಗಳಲ್ಲಿ ಅವಳನ್ನು ನಗುವುದಕ್ಕೆಂದೇ ಇಟ್ಟಿರುತ್ತಾರೆ. ಅವಳ ಮಾತು ಒರಟು, ಬುದ್ಧಿ ಚಿಕ್ಕದು, ನಿಜ. ಆದರೆ ಆ ಮನೆಯಲ್ಲಿ ಬೆಂಕಿ ಬಿದ್ದಿರುವುದನ್ನು ನೋಡಿ ಕೂಗುತ್ತಿರುವವಳು ಅವಳೊಬ್ಬಳೇ. ಓದಿಕೊಂಡ, ತಮಾಷೆಯ ಗಂಡ ಲೈಬ್ರರಿಯ ಬಾಗಿಲು ಹಾಕಿಕೊಂಡು ಕೂತಿದ್ದಾನೆ.

ಎಲಿಜಬೆತ್ ಕಾಲಿನ್ಸ್‌ನನ್ನು ತಿರಸ್ಕರಿಸುತ್ತಾಳೆ. ಅವಳ ಗೆಳತಿ ಷಾರ್ಲೆಟ್ ಲೂಕಸ್ ಒಪ್ಪಿಕೊಳ್ಳುತ್ತಾಳೆ. ಅವಳಿಗೆ 27 ವರ್ಷ, ರೂಪವಿಲ್ಲ, ಹಣವಿಲ್ಲ. ಕಾಲಿನ್ಸ್ ಎಂಥ ಬೋರು ಮನುಷ್ಯ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಓದಿದ, ಆದರೆ ಹಣವಿಲ್ಲದ ಹೆಣ್ಣಿಗೆ ಮರ್ಯಾದೆಯಿಂದ ಹೊಟ್ಟೆ ಹೊರೆಯಲು ಮದುವೆಯೊಂದೇ ದಾರಿ ಎಂಬ ಮಾತನ್ನು ಆಸ್ಟೆನ್ ಇಲ್ಲಿ ಇಡುತ್ತಾರೆ. ಷಾರ್ಲೆಟ್ ಒಪ್ಪಿಕೊಂಡ ಸುದ್ದಿ ಕೇಳಿ ಅವಳ ತಮ್ಮಂದಿರಿಗೆ ಸಮಾಧಾನ, ಅಕ್ಕ ಮದುವೆಯಾಗದೆ ತಮ್ಮ ಮೇಲೆ ಬೀಳುತ್ತಾಳೆಂಬ ಭಯ ಹೋಯಿತಲ್ಲ ಎಂದು. ಇಡೀ ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಲಕಿದ ಸಾಲು ಅದು.

ಗಂಡಸರು ಕೆಟ್ಟವರಾಗಬೇಕೆಂದೇನೂ ಇರಲಿಲ್ಲ, ಸುಮ್ನೆ ಕೈಕಟ್ಟಿ ನಿಂತರೆ ಸಾಕಿತ್ತು. 1811ರ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯ ಎರಡನೆಯ ಅಧ್ಯಾಯ ಇದನ್ನು ಹತ್ತು ನಿಮಿಷದ ಮಾತುಕತೆಯಲ್ಲಿ ತೋರಿಸುತ್ತದೆ. ಸಾಯುವ ಮುಂಚೆ ತಂದೆ ಮಗ ಜಾನ್‌ನ ಕೈಯಿಂದ ಮಾತು ತೆಗೆದುಕೊಂಡಿದ್ದಾನೆ: ಮಲತಾಯಿಯನ್ನೂ ಮೂವರು ತಂಗಿಯರನ್ನೂ ನೋಡಿಕೊಳ್ಳಬೇಕು. ಜಾನ್ ಒಬ್ಬೊಬ್ಬಳಿಗೆ 1,000ದಂತೆ 3,000 ಪೌಂಡ್ ಕೊಡಬೇಕೆಂದು ಇರುತ್ತಾನೆ. ಹೆಂಡತಿ ಫ್ಯಾನಿ ಮಾತಿಗೆ ಕೂರುತ್ತಾಳೆ. 1,000 ಅನ್ನುವುದು 500 ಆಗುತ್ತದೆ. ಆಮೇಲೆ ಅದೂ ಬೇಡ, ತಾಯಿಗೆ ವರ್ಷಕ್ಕೆ 100 ಕೊಟ್ಟರಾಯಿತು. ವರ್ಷಾಶನ ಕೊಟ್ಟರೆ ಜನ ಸಾಯುವುದೇ ಇಲ್ಲ ಎಂದು ಫ್ಯಾನಿ ಎಚ್ಚರಿಸುತ್ತಾಳೆ. ಹಾಗಾದರೆ ಆಗೀಗ 50 ಪೌಂಡ್. ಕೊನೆಗೆ ಉಳಿಯುವುದು ಮನೆ ಬದಲಿಸುವಾಗ ಸಾಮಾನು ಸಾಗಿಸಲು ಸಹಾಯ, ಕಾಲಕಾಲಕ್ಕೆ ಒಂದಿಷ್ಟು ಮೀನು. ಎಲ್ಲೂ ಯಾರೂ ದನಿ ಎತ್ತುವುದಿಲ್ಲ. ಕಾನೂನು ಮುರಿಯುವುದೂ ಇಲ್ಲ. ನಾಲ್ವರು ಹೆಂಗಸರಿಗೆ ವರ್ಷಕ್ಕೆ 500 ಪೌಂಡ್ ಉಳಿಯುತ್ತದೆ, ಇದ್ದ ಮನೆ ಹೋಗುತ್ತದೆ.

ಆಸ್ಟೆನ್ ಇದನ್ನು ಹೊರಗೆ ನಿಂತು ಬರೆದವರಲ್ಲ. 1802ರಲ್ಲಿ ಹ್ಯಾರಿಸ್ ಬಿಗ್-ವಿದರ್ ಎಂಬ ಶ್ರೀಮಂತ ಮನೆತನದ ಯುವಕ ಮದುವೆ ಕೇಳಿದಾಗ ಅವರು ಒಪ್ಪಿ, ಮರುದಿನ ಬೆಳಿಗ್ಗೆಯೇ ಇಲ್ಲವೆಂದರು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ, ಅಕ್ಕ ಕಸಾಂಡ್ರಾ ಮತ್ತು ಅವರು ಅಣ್ಣತಮ್ಮಂದಿರ ನೆರವಿನಲ್ಲಿ ಮನೆಯಿಂದ ಮನೆಗೆ ಬದಲಾಯಿಸುತ್ತಾ ಬದುಕಿದರು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಎಂಬ ಊರಿನಲ್ಲಿ ಒಂದು ಮನೆ ಬಿಟ್ಟುಕೊಟ್ಟ ಮೇಲೆಯೇ ಬರವಣಿಗೆ ಒಂದು ಹದಕ್ಕೆ ಬಂತು.

## ದುಡಿದು ಬದುಕಬಹುದಿತ್ತಲ್ಲ?

ಮಧ್ಯಮ ವರ್ಗದ ಓದಿದ ಹೆಣ್ಣಿಗೆ ಮರ್ಯಾದೆ ಕಳೆದುಕೊಳ್ಳದೆ ಮಾಡಬಹುದಾದ ಕೆಲಸ ಎಂದರೆ ಪಾಠ ಹೇಳುವುದು. ಅದರಲ್ಲೂ ಗವರ್ನೆಸ್ ಆಗಿ ಶ್ರೀಮಂತರ ಮನೆಯಲ್ಲೇ ಇದ್ದು ಅವರ ಮಕ್ಕಳಿಗೆ ಕಲಿಸುವುದು. 1851ರ ಜನಗಣತಿಯಲ್ಲಿ ಇಂಥವರು ಸುಮಾರು 25,000 ಮಂದಿ ಸಿಕ್ಕರು.

ಗವರ್ನೆಸ್ ಪಾಡು ವಿಚಿತ್ರವಾದದ್ದು. ಯಜಮಾನರ ಜೊತೆ ಕೂತು ಉಣ್ಣುವಷ್ಟು ದೊಡ್ಡವಳಲ್ಲ, ಅಡುಗೆಮನೆಯ ಕೆಲಸದವರ ಜೊತೆ ಬೆರೆಯುವಷ್ಟು ಚಿಕ್ಕವಳೂ ಅಲ್ಲ. 'ಎಮ್ಮಾ'ದಲ್ಲಿ ಜೇನ್ ಫೇರ್‌ಫ್ಯಾಕ್ಸ್ ಎಂಬ ಹುಡುಗಿ ಗವರ್ನೆಸ್ ಕೆಲಸ ಹುಡುಕಿಕೊಡುವ ಕಚೇರಿಗಳನ್ನು ಗುಲಾಮರ ವ್ಯಾಪಾರದ ಪಕ್ಕದಲ್ಲಿಟ್ಟು ಮಾತಾಡುತ್ತಾಳೆ. ಅಲ್ಲಿ ಮೈ ಮಾರುತ್ತಾರೆ, ಇಲ್ಲಿ ಬುದ್ಧಿ ಮಾರುತ್ತಾರೆ ಎಂಬರ್ಥದಲ್ಲಿ.

ಷಾರ್ಲೆಟ್ ಬ್ರಾಂಟಿ ತಾವೇ ಗವರ್ನೆಸ್ ಆಗಿದ್ದವರು. 1847ರಲ್ಲಿ ಬಂದ ಅವರ 'ಜೇನ್ ಐರ್' ನಾಯಕಿಗೆ ವರ್ಷಕ್ಕೆ ಸಂಬಳ 30 ಪೌಂಡ್. ಅದೂ ಹಿಂದೆ ಶಾಲೆಯಲ್ಲಿ ಸಿಗುತ್ತಿದ್ದದ್ದರ ಎರಡರಷ್ಟು ಎಂದು ಅವಳಿಗೆ ಸಂತೋಷ. ಆ ಮನೆಯ ಮಹಡಿಯ ಮೇಲೆ ನಿಂತು ಅವಳು ಯೋಚಿಸುವ ಒಂದು ಪುಟ ಇದೆ. ಹೆಂಗಸರು ಶಾಂತವಾಗಿರಬೇಕೆಂದು ಜನ ಬಯಸುತ್ತಾರೆ, ಆದರೆ ಗಂಡಸರಿಗೆ ಏನೇನು ಅನ್ನಿಸುತ್ತದೋ ಅವರಿಗೂ ಅದೇ ಅನ್ನಿಸುತ್ತದೆ, ಅವರ ಶಕ್ತಿಗೂ ಕೆಲಸ ಬೇಕು, ಅಡುಗೆ ಹೆಣಿಗೆಗಳಲ್ಲೇ ಅದನ್ನು ಕೂಡಿಹಾಕುವುದು ಸರಿಯಲ್ಲ ಎಂದು. ಅಂದಿನ ಕೆಲವು ವಿಮರ್ಶಕರಿಗೆ ಈ ಕಾದಂಬರಿ ಅಪಾಯಕಾರಿ ಎನ್ನಿಸಿದ್ದಕ್ಕೆ ಇಂಥ ಪುಟಗಳೇ ಕಾರಣ.

ಕೊನೆಯಲ್ಲಿ ಜೇನ್ ತಾನು ಪ್ರೀತಿಸಿದ, ಆ ಮನೆಯ ಯಜಮಾನ ರಾಚೆಸ್ಟರ್‌ನನ್ನೇ ಮದುವೆಯಾಗುತ್ತಾಳೆ. ಆದರೆ ಅದಕ್ಕೆ ಮುಂಚೆ ಬ್ರಾಂಟಿ ಒಂದು ಕೆಲಸ ಮಾಡುತ್ತಾರೆ. ಚಿಕ್ಕಪ್ಪನ ಉಯಿಲಿನಿಂದ ಅವಳಿಗೆ 20,000 ಪೌಂಡ್ ಬರುವಂತೆ ಮಾಡುತ್ತಾರೆ. ಅವಳು ಅದನ್ನು ಮೂವರು ಸಂಬಂಧಿಕರ ಜೊತೆ ಸಮನಾಗಿ ಹಂಚಿಕೊಂಡು 5,000 ಇಟ್ಟುಕೊಳ್ಳುತ್ತಾಳೆ. ರಾಚೆಸ್ಟರ್ ಎದುರು ಮತ್ತೆ ನಿಂತಾಗ ತಾನೀಗ ಸ್ವತಂತ್ರಳು, ತನಗೆ ತಾನೇ ಯಜಮಾನಿ ಎಂದು ಹೇಳುತ್ತಾಳೆ. ಹಣ ಬಂದ ಮೇಲೆಯೇ ಆ ಮಾತು ಬಾಯಿಂದ ಬರುವುದು. ಮದುವೆಯಾದ ಕೂಡಲೇ, ಸೆಟಲ್‌ಮೆಂಟ್ ಇರದಿದ್ದರೆ, ಅಂದಿನ ಕಾನೂನಿನಲ್ಲಿ ಆ 5,000ವೂ ಗಂಡನದೇ ಆಗುತ್ತಿತ್ತು. ಕಾದಂಬರಿ ಅದರ ಬಗ್ಗೆ ಏನೂ ಹೇಳುವುದಿಲ್ಲ.

ಓದಿನ ಬಾಗಿಲೂ ಮುಚ್ಚಿತ್ತು. ಜಾರ್ಜ್ ಎಲಿಯಟ್ ಅವರ 'ದಿ ಮಿಲ್ ಆನ್ ದಿ ಫ್ಲಾಸ್' (1860) ಕಾದಂಬರಿಯಲ್ಲಿ ಅಣ್ಣ ಟಾಮ್‌ಗೆ ಲ್ಯಾಟಿನ್ ತಲೆಗೆ ಹತ್ತುವುದಿಲ್ಲ, ತಂಗಿ ಮ್ಯಾಗಿಗೆ ಸಲೀಸು. ಅಪ್ಪ ಮಗಳ ಜಾಣತನ ನೋಡಿ ಹೆಮ್ಮೆಪಡುವುದಕ್ಕಿಂತ ಜಾಸ್ತಿ ಚಿಂತೆ ಮಾಡುತ್ತಾನೆ. ನಾನೂ ಇದನ್ನೆಲ್ಲ ಕಲಿಯಬಹುದಲ್ವಾ ಎಂಬ ಅವಳ ಆಸೆಗೆ ಟಾಮ್‌ನ ಮೇಷ್ಟ್ರು ಉತ್ತರ ಕೊಡುತ್ತಾರೆ: ಹುಡುಗಿಯರು ಬೇಗ ಹಿಡಿಯುತ್ತಾರೆ, ಆಳಕ್ಕೆ ಹೋಗುವುದಿಲ್ಲ. ಹೆಣ್ಣುಮಕ್ಕಳಿಗಾಗಿ ಗರ್ಟನ್ ಕಾಲೇಜು ಶುರುವಾದದ್ದು 1869ರಲ್ಲಿ. ಅಲ್ಲಿ ಓದಿದವರಿಗೂ ಕೇಂಬ್ರಿಜ್ ವಿಶ್ವವಿದ್ಯಾಲಯ ಗಂಡಸರಿಗೆ ಸಮನಾದ ಪದವಿ ಕೊಟ್ಟದ್ದು 1948ರಲ್ಲಿ!

## ಗಂಡ ಕೆಟ್ಟವನಾಗಿದ್ದರೆ?

ಆಸ್ಟೆನ್ ಕಾದಂಬರಿಗಳು ಮದುವೆಯ ದಿನಕ್ಕೆ ನಿಲ್ಲುತ್ತವೆ. ಆಮೇಲಿನದನ್ನು ನೋಡಬೇಕಾದರೆ ಆನ್ ಬ್ರಾಂಟಿ ಅವರ 'ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್' (1848) ಓದಬೇಕು. ಮೂವರು ಬ್ರಾಂಟಿಯರಲ್ಲಿ ಕಿರಿಯವರಾದ ಆನ್‌ಗೆ ಸಲ್ಲಬೇಕಾದಷ್ಟು ಹೆಸರು ಸಿಗಲಿಲ್ಲ. ಇಂದಿನ ಓದುಗರಿಗೆ ತೀರಾ ಹತ್ತಿರದ ಪುಸ್ತಕ ಇದೇ ಎಂದು ನನ್ನ ಅಭಿಪ್ರಾಯ.

ನಾಯಕಿ ಹೆಲೆನ್‌ಳ ಗಂಡ ಕುಡುಕ, ಮನೆಯಲ್ಲೇ ಬೇರೆ ಹೆಣ್ಣಿನ ಸಹವಾಸ ಮಾಡುವವನು. ಪುಟ್ಟ ಮಗನಿಗೂ ಕುಡಿಯಲು, ಬೈಯಲು ಕಲಿಸುತ್ತಿದ್ದಾನೆ. ಚಿತ್ರ ಬರೆದು ಮಾರಿ ಬದುಕುತ್ತೇನೆ, ಮಗನನ್ನು ಕರೆದುಕೊಂಡು ಹೋಗಿಬಿಡುತ್ತೇನೆ ಎಂದು ಹೆಲೆನ್ ಯೋಜನೆ ಹಾಕುತ್ತಾಳೆ. ಗಂಡ ಅವಳ ದಿನಚರಿ ಓದಿಬಿಡುತ್ತಾನೆ. ಬಣ್ಣ, ಕುಂಚ, ಕ್ಯಾನ್ವಾಸುಗಳನ್ನು ಬೆಂಕಿಗೆ ಹಾಕುತ್ತಾನೆ. ಬೀಗದ ಕೈ, ಹಣ, ಒಡವೆ ಕಿತ್ತುಕೊಳ್ಳುತ್ತಾನೆ. ಇದೆಲ್ಲ ನಮಗೆ ಕ್ರೌರ್ಯವಾಗಿ ಕಾಣುತ್ತದೆ. ಆದರೆ ಅಂದಿನ ಕಾನೂನಿನ ಪ್ರಕಾರ ಆ ಬಣ್ಣ ಕುಂಚಗಳೂ ಅವನವೇ. ಮುಂದೆ ಅವಳು ತಪ್ಪಿಸಿಕೊಂಡು, ಹೆಸರು ಬದಲಿಸಿಕೊಂಡು, ವಿಧವೆಯ ವೇಷದಲ್ಲಿ ಬದುಕುತ್ತಾಳೆ. ಸಿಕ್ಕಿಬಿದ್ದರೆ ಮಗನನ್ನೂ, ಚಿತ್ರ ಮಾರಿ ಬಂದ ಹಣವನ್ನೂ ಅವನು ವಾಪಸ್ ಪಡೆಯಬಹುದಿತ್ತು.

ಇದು ಬರೀ ಕಲ್ಪನೆಯಲ್ಲ. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಬದುಕಿನಲ್ಲಿ ಹೀಗೇ ಆಯಿತು. ಗಂಡ ಜಾರ್ಜ್ ನಾರ್ಟನ್ 1836ರಲ್ಲಿ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಜೊತೆ ಅವರಿಗೆ ಸಂಬಂಧವಿದೆ ಎಂದು ದಾವೆ ಹೂಡಿ ಸೋತ. ಸೋತರೂ ಮೂವರು ಗಂಡುಮಕ್ಕಳು ಅವನ ಬಳಿಯೇ ಉಳಿದರು. ಅವರ ಪುಸ್ತಕಗಳ ಸಂಪಾದನೆಯ ಮೇಲೂ ಕಾನೂನಿನಲ್ಲಿ ಅವನದೇ ಹಕ್ಕು. ನಾರ್ಟನ್ ಪತ್ರ, ಕರಪತ್ರ ಬರೆದು ಪಾರ್ಲಿಮೆಂಟಿನ ಬಾಗಿಲು ಬಡಿದರು. 1839ರಲ್ಲಿ ಬಂದ ಕಾಯಿದೆಯಿಂದ 7 ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿ ಅರ್ಜಿ ಹಾಕಬಹುದಾಯಿತು. ಹೆಲೆನ್ ಕಥೆ ನಡೆಯುವುದು 1820ರ ದಶಕದಲ್ಲಿ. ಅವಳಿಗೆ ಅಷ್ಟೂ ಇರಲಿಲ್ಲ.

ವಿಚ್ಛೇದನ? 1857ರ ತನಕ ಪೂರ್ತಿ ವಿಚ್ಛೇದನ ಬೇಕಾದರೆ ಪಾರ್ಲಿಮೆಂಟಿನಲ್ಲಿ ಆ ಒಂದು ದಂಪತಿಗಾಗಿಯೇ ಕಾಯಿದೆ ಪಾಸಾಗಬೇಕಿತ್ತು. ಹಾಗೆ ಪಾಸಾದ 300ಕ್ಕೂ ಹೆಚ್ಚು ಕಾಯಿದೆಗಳಲ್ಲಿ ಹೆಂಗಸರು ಕೇಳಿ ಪಡೆದದ್ದು 4. 1857ರಲ್ಲಿ ವಿಚ್ಛೇದನಕ್ಕೆ ಕೋರ್ಟ್ ಬಂತು, ಆದರೆ ತಕ್ಕಡಿ ಸಮ ಇರಲಿಲ್ಲ. ಹೆಂಡತಿ ವ್ಯಭಿಚಾರ ಮಾಡಿದಳು ಎಂದು ತೋರಿಸಿದರೆ ಗಂಡನಿಗೆ ವಿಚ್ಛೇದನ. ಹೆಂಡತಿ ಕೇಳಿದರೆ ಅವನ ವ್ಯಭಿಚಾರದ ಜೊತೆ ಹಿಂಸೆಯನ್ನೋ, ಬಿಟ್ಟುಹೋದದ್ದನ್ನೋ ಅಥವಾ ಅಂಥ ಇನ್ನೊಂದು ಅಪರಾಧವನ್ನೋ ಸಾಬೀತು ಮಾಡಬೇಕಿತ್ತು. ಈ ತಾರತಮ್ಯ ಹೋದದ್ದು 1923ರಲ್ಲಿ.

ಈಗ ಸೆಟಲ್‌ಮೆಂಟ್ ವಿಷಯ. ವಿಲ್ಕಿ ಕಾಲಿನ್ಸ್ ಅವರ 'ದಿ ವುಮನ್ ಇನ್ ವೈಟ್' 1859ರಿಂದ ಧಾರಾವಾಹಿಯಾಗಿ ಬಂದ ರೋಚಕ ಕಾದಂಬರಿ. ಲಾರಾ ಎಂಬ ಹುಡುಗಿಯ ಹೆಸರಿನಲ್ಲಿ 20,000 ಪೌಂಡ್ ಇದೆ. ಮಕ್ಕಳಿಲ್ಲದೆ ಅವಳು ಸತ್ತರೆ ಈ ಹಣವೆಲ್ಲ ಗಂಡನಿಗೇ ಬರಬೇಕೆಂದು ಗಂಡಿನ ಕಡೆಯವರು ಷರತ್ತು ಹಾಕುತ್ತಾರೆ. ಮನೆಯ ವಕೀಲರು ಬೇಡವೆಂದು ಹೋರಾಡುತ್ತಾರೆ. ಹುಡುಗಿಯ ಚಿಕ್ಕಪ್ಪ ಸೋಮಾರಿ, ತನಗೆ ತಲೆನೋವು ಬೇಡ ಎಂದು ಒಪ್ಪಿಬಿಡುತ್ತಾನೆ. ಮುಂದೆ ಅವಳನ್ನು ಇನ್ನೊಬ್ಬಳ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ತಳ್ಳಿ, ಸತ್ತಳೆಂದು ಸಾರುವ ಸಂಚೆಲ್ಲ ಹುಟ್ಟುವುದು ಆ ಒಂದು ಷರತ್ತಿನಿಂದ.

1870ರ ಕಾಯಿದೆ ಮದುವೆಯಾದ ಹೆಣ್ಣಿಗೆ ಅವಳ ದುಡಿಮೆಯ ಹಣ ಕೊಟ್ಟಿತು. 1882ರದ್ದು ಆಸ್ತಿಯ ಮೇಲೆ ಪೂರ್ತಿ ಹಕ್ಕು ಕೊಟ್ಟಿತು. 1870ರ ಕಾಯಿದೆಯ ಮಾದರಿಯಲ್ಲಿ ಬ್ರಿಟಿಷರು ಭಾರತದಲ್ಲಿ 1874ರಲ್ಲಿ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ ತಂದರು. ಜೀವ ವಿಮೆ ಮಾಡಿಸುವಾಗ ಏಜೆಂಟರು 'ಎಂಡಬ್ಲ್ಯೂಪಿ ಆಕ್ಟ್ ಅಡಿಯಲ್ಲಿ ಮಾಡಿಸಿ, ಹಣ ಹೆಂಡತಿ ಮಕ್ಕಳಿಗೇ ಸೇರುತ್ತದೆ, ಸಾಲಗಾರರು ಮುಟ್ಟುವಂತಿಲ್ಲ' ಎನ್ನುತ್ತಾರಲ್ಲ, ಅದು ಇದೇ ಕಾಯಿದೆ. ಹೆಲೆನ್‌ಳ ಸಂಕಟಕ್ಕೂ ನಮ್ಮ ಪಾಲಿಸಿ ಫಾರ್ಮಿಗೂ ಇರುವ ನಂಟು ಇದು.

## 'ಕೆಟ್ಟುಹೋದವಳು' ಎಂಬ ಪಟ್ಟ

ಹೆಣ್ಣನ್ನು ಮನೆಯ ದೇವತೆಯಂತೆ ಕಾಣುವ ಆದರ್ಶ ವಿಕ್ಟೋರಿಯಾ ಕಾಲದಲ್ಲಿ ಗಟ್ಟಿಯಾಗಿ ಬೇರೂರಿತ್ತು. ಆ ಆದರ್ಶದಿಂದ ಜಾರಿದವಳಿಗೆ ಕಾದಂಬರಿಯಲ್ಲಿ ಸಾಮಾನ್ಯವಾಗಿ ಎರಡೇ ಗತಿ: ಸಾವು, ಇಲ್ಲವೇ ದೂರದೇಶದ ಹಡಗು. ಡಿಕನ್ಸ್ ಅವರ 'ಡೇವಿಡ್ ಕಾಪರ್‌ಫೀಲ್ಡ್'ನ ಎಮಿಲಿ ಆಸ್ಟ್ರೇಲಿಯಾಕ್ಕೆ ಹೋಗುತ್ತಾಳೆ. ಎಲಿಜಬೆತ್ ಗ್ಯಾಸ್ಕೆಲ್ ಅವರ ರೂತ್ ರೋಗಿಗಳ ಸೇವೆ ಮಾಡುತ್ತಾ ಸಾಯುತ್ತಾಳೆ. ಮದುವೆಯಾಗದ ತಾಯಿಯನ್ನು ಗ್ಯಾಸ್ಕೆಲ್ ಒಳ್ಳೆಯವಳೆಂದು ಚಿತ್ರಿಸಿದ್ದೇ ತಪ್ಪಾಯಿತು. ಅವರ ಗಂಡ ಪಾದ್ರಿಯಾಗಿದ್ದ ಚರ್ಚಿನ ಇಬ್ಬರು ಆ ಪುಸ್ತಕವನ್ನು ಸುಟ್ಟರು.

ಇಷ್ಟು ಕಟ್ಟುನಿಟ್ಟು ಯಾಕೆ? ಧರ್ಮ ಒಂದು ಕಾರಣ. ಆಸ್ತಿ ಇನ್ನೊಂದು. ಆಸ್ತಿ ತಂದೆಯಿಂದ ಮಗನಿಗೆ ಹೋಗುವ ಕಡೆ, ಮಗ ಯಾರವನು ಎಂಬ ಪ್ರಶ್ನೆ ಏಳಬಾರದು. ಹಾಗಾಗಿ ಕಾವಲು ಹೆಂಡತಿಯ ಮೇಲೆ. 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಕಿರಿಯ ಮಗಳು ಲಿಡಿಯಾ ಓಡಿಹೋದಾಗ ಕೆಡುವುದು ಅವಳ ಹೆಸರೊಂದೇ ಅಲ್ಲ, ನಾಲ್ವರು ಅಕ್ಕಂದಿರ ಮದುವೆಯ ಅವಕಾಶವೂ. ಅದನ್ನು ಸರಿಪಡಿಸುವುದು ಎಲಿಜಬೆತ್‌ಳನ್ನು ಪ್ರೀತಿಸುವ ಸಿರಿವಂತ ಡಾರ್ಸಿಯ ಹಣ.

ಥಾಮಸ್ ಹಾರ್ಡಿ 1891ರ 'ಟೆಸ್ ಆಫ್ ದಿ ಡರ್ಬರ್ವಿಲ್ಸ್'ನಲ್ಲಿ ಈ ತಕ್ಕಡಿಯನ್ನು ಎತ್ತಿ ತೋರಿಸಿದರು. ಮದುವೆಯ ರಾತ್ರಿ ಏಂಜಲ್ ಕ್ಲೇರ್ ತಾನು ಹಿಂದೆ ಲಂಡನ್ನಿನಲ್ಲಿ ಒಬ್ಬ ಹೆಣ್ಣಿನ ಜೊತೆ ಎರಡು ದಿನ ಕಳೆದದ್ದನ್ನು ಒಪ್ಪಿಕೊಳ್ಳುತ್ತಾನೆ. ಟೆಸ್ ಆ ಕ್ಷಣವೇ ಕ್ಷಮಿಸುತ್ತಾಳೆ. ಆ ಧೈರ್ಯದಲ್ಲಿ ತನ್ನ ಕಥೆ ಹೇಳುತ್ತಾಳೆ. ಅವಳದು ತಪ್ಪೇ ಅಲ್ಲ, ಅವಳ ಮೇಲೆ ನಡೆದ ಅನ್ಯಾಯ. ಅವನು ಕ್ಷಮಿಸುವುದಿಲ್ಲ. ನಾನು ಪ್ರೀತಿಸಿದ ಹೆಣ್ಣು ನೀನಲ್ಲ ಎಂದು ಬಿಟ್ಟು ಬ್ರೆಜಿಲ್‌ಗೆ ಹೋಗುತ್ತಾನೆ. 1857ರ ವಿಚ್ಛೇದನ ಕಾಯಿದೆಯಲ್ಲಿದ್ದ ತಾರತಮ್ಯವೇ ಇಲ್ಲಿ ಇಬ್ಬರ ನಡುವೆ ಒಂದು ಕೋಣೆಯಲ್ಲಿ ಕೂತಿದೆ. ಹಾರ್ಡಿ ಪುಸ್ತಕದ ಹೆಸರಿನ ಕೆಳಗೆ 'ಒಬ್ಬ ಪರಿಶುದ್ಧ ಹೆಣ್ಣು' ಎಂದು ಬರೆಸಿದರು. ಜನರಿಗೆ ಸಿಟ್ಟು ಬಂದದ್ದು ಅದಕ್ಕೇ.

ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಎಷ್ಟು ಕತ್ತರಿ ಬಿತ್ತೆಂದರೆ, ಏಂಜಲ್ ನಾಲ್ವರು ಹುಡುಗಿಯರನ್ನು ನೀರು ತುಂಬಿದ ದಾರಿಯಲ್ಲಿ ಎತ್ತಿಕೊಂಡು ದಾಟಿಸುವ ದೃಶ್ಯವೂ ಸಂಪಾದಕರಿಗೆ ಹೆಚ್ಚೆನಿಸಿತು. ಹಾರ್ಡಿ ಅಲ್ಲೊಂದು ತಳ್ಳುಗಾಡಿ ತಂದು, ಅದರಲ್ಲಿ ಕೂರಿಸಿ ದಾಟಿಸಬೇಕಾಯಿತು.

## ಹೆಸರು ಮರೆಸಿ ಬರೆದವರು

ಆಸ್ಟೆನ್ ಅವರ ಮೊದಲ ಪುಸ್ತಕದ ಮೇಲೆ ಹೆಸರಿರಲಿಲ್ಲ, 'ಒಬ್ಬ ಮಹಿಳೆಯಿಂದ' ಎಂದಷ್ಟೇ ಇತ್ತು. 'ಪ್ರೈಡ್ ಅಂಡ್ ಪ್ರೆಜುಡಿಸ್'ನ ಹಕ್ಕನ್ನು ಪ್ರಕಾಶಕರಿಗೆ ಅವರು ಮಾರಿದ್ದು 110 ಪೌಂಡಿಗೆ. ಷಾರ್ಲೆಟ್, ಎಮಿಲಿ, ಆನ್ ಬ್ರಾಂಟಿಯರು ಕರರ್, ಎಲ್ಲಿಸ್, ಆಕ್ಟನ್ ಬೆಲ್ ಎಂಬ ಹೆಸರುಗಳಲ್ಲಿ ಬರೆದರು. 1836ರ ಕೊನೆಯಲ್ಲಿ ಷಾರ್ಲೆಟ್ ತಮ್ಮ ಕವಿತೆಗಳನ್ನು ಆಸ್ಥಾನಕವಿ ರಾಬರ್ಟ್ ಸದೀ ಅವರಿಗೆ ಕಳಿಸಿದಾಗ, ಸಾಹಿತ್ಯ ಹೆಣ್ಣಿನ ಬದುಕಿನ ಕಸುಬಾಗಲಾರದು, ಆಗಲೂಬಾರದು ಎಂದು ಉತ್ತರ ಬಂದಿತ್ತು. ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನ ಹಿಂದೆ ಇದ್ದವರು ಮೇರಿ ಆನ್ ಎವನ್ಸ್.

1929ರಲ್ಲಿ ವರ್ಜಿನಿಯಾ ವುಲ್ಫ್ ಇದನ್ನೆಲ್ಲ ಹಿಂತಿರುಗಿ ನೋಡಿ, ಹೆಣ್ಣು ಕಥೆ ಬರೆಯಬೇಕಾದರೆ ವರ್ಷಕ್ಕೆ 500 ಪೌಂಡೂ ತನ್ನದೇ ಆದ ಒಂದು ಕೋಣೆಯೂ ಬೇಕು ಎಂದರು. ಅದರ ಹಿಂದಿನ ವರ್ಷವಷ್ಟೇ ಬ್ರಿಟನ್ನಿನಲ್ಲಿ ಹೆಂಗಸರಿಗೆ ಗಂಡಸರಿಗೆ ಸಮನಾದ ಮತದಾನದ ಹಕ್ಕು ಬಂದಿತ್ತು.

## ಈ ಕಥೆಗಳ ಅಂಚಿನಲ್ಲಿ ಉಳಿದವರು

ಇಲ್ಲಿಯವರೆಗೆ ಹೇಳಿದ ನಾಯಕಿಯರಲ್ಲಿ ಹೆಚ್ಚಿನವರು ಆಸ್ತಿಯ ಅಂಚಿನಲ್ಲಾದರೂ ಇದ್ದವರು. ಅವರ ಮನೆಗಳಲ್ಲಿ ಒಲೆ ಹಚ್ಚುತ್ತಿದ್ದ, ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು ಕಥೆಯಲ್ಲಿ ಹೆಸರಿಗಷ್ಟೇ ಬಂದು ಹೋಗುತ್ತಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಕೂಲಿಗೆ ದುಡಿಯುವ ಹೆಂಗಸರ ಅತಿ ದೊಡ್ಡ ಕಸುಬು ಮನೆಗೆಲಸವೇ. ಜಾರ್ಜ್ ಮೂರ್ ಅವರ 'ಎಸ್ತರ್ ವಾಟರ್ಸ್' (1894) ಅಡುಗೆಮನೆಯ ಆಳೊಬ್ಬಳನ್ನೇ ನಾಯಕಿಯಾಗಿಸಿತು. ಅವಳಿಗೆ ಮದುವೆಯಿಲ್ಲದೆ ಮಗ ಹುಟ್ಟುತ್ತಾನೆ. ಅವಳು ಸಾಯುವುದಿಲ್ಲ, ಹಡಗು ಹತ್ತುವುದಿಲ್ಲ. ದುಡಿದು ಅವನನ್ನು ದೊಡ್ಡವನನ್ನಾಗಿ ಮಾಡುತ್ತಾಳೆ.

ಇನ್ನೊಬ್ಬಳು 'ಜೇನ್ ಐರ್'ನ ಮೇಲ್ಮಹಡಿಯಲ್ಲಿ ಬೀಗದೊಳಗಿದ್ದಾಳೆ. ಬರ್ತಾ ಮೇಸನ್, ರಾಚೆಸ್ಟರ್‌ನ ಮೊದಲ ಹೆಂಡತಿ. ಜಮೈಕಾದ ತೋಟದ ಮಾಲೀಕನ ಮಗಳು. ರಾಚೆಸ್ಟರ್ ಕಿರಿಯ ಮಗನಾದ್ದರಿಂದ ಅಪ್ಪನ ಜಮೀನೆಲ್ಲ ಅಣ್ಣನಿಗೆ ಹೋಗುತ್ತದೆ, ಇವನಿಗೆ ಹಣವಿರುವ ಹೆಣ್ಣು ತರಬೇಕು. ಬರ್ತಾ ಜೊತೆ 30,000 ಪೌಂಡ್ ಬರುತ್ತದೆ. ಆಮೇಲೆ ಅವಳಿಗೆ ಹುಚ್ಚು ಹಿಡಿಯಿತೆಂದು ಕೂಡಿಹಾಕುತ್ತಾನೆ. ಹುಚ್ಚು ಇಂಗ್ಲೆಂಡಿನಲ್ಲಿ ವಿಚ್ಛೇದನಕ್ಕೆ ಕಾರಣವಾದದ್ದು 1937ರ ಕಾಯಿದೆಯಿಂದ. ಹಾಗಾಗಿ ಆ ಕಾದಂಬರಿಯಲ್ಲಿ ಅವನಿಗೂ ಬಿಡುಗಡೆಯಿಲ್ಲ. ಆದರೆ ಬೀಗದ ಕೈ ಅವನ ಹತ್ತಿರ ಇದೆ, ಹಣವೂ. ಬರ್ತಾಳಿಗೆ ಇಡೀ ಪುಸ್ತಕದಲ್ಲಿ ತನ್ನ ಕಥೆ ಹೇಳಿಕೊಳ್ಳುವ ಅವಕಾಶವಿಲ್ಲ.

ಕೆರಿಬಿಯನ್ ದ್ವೀಪವಾದ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ಎಂಬ ಲೇಖಕಿ 1966ರಲ್ಲಿ 'ವೈಡ್ ಸಾರ್ಗ್ಯಾಸೋ ಸೀ' ಬರೆದು ಅವಳಿಗೆ ಬಾಲ್ಯ, ಊರು, ಆಂಟೊನೆಟ್ ಎಂಬ ಹೆಸರು ಕೊಟ್ಟರು. ಆ ಕಾದಂಬರಿಯಲ್ಲಿ ಮದುವೆಗೆ ಮುಂಚೆ ಆಂಟೊನೆಟ್‌ಳ ಹಿರಿಯ ಸಂಬಂಧಿ ಕೋರಾ ಅವಳ ಮಲಅಣ್ಣನ ಜೊತೆ ಜಗಳವಾಡುತ್ತಾಳೆ. ಹುಡುಗಿಯದೆಲ್ಲವನ್ನೂ ಗುರುತು ಪರಿಚಯವಿಲ್ಲದವನ ಕೈಗೆ ಇಡುತ್ತಿದ್ದೀಯ, ಅವಳ ರಕ್ಷಣೆಗೆ ಕಾನೂನು ಪ್ರಕಾರ ಒಂದು ಸೆಟಲ್‌ಮೆಂಟ್ ಮಾಡಿಸು ಎಂದು. ಅವನು ಮಾಡಿಸುವುದಿಲ್ಲ.